ನಿದ್ದೆ ಬಾರದಿದ್ದರೆ ಹಾಸಿಗೆ ಬಿಟ್ಟೇಳಿ: ಮನಸ್ಸು, ಮಿದುಳಿನ ಬಗ್ಗೆ ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಬಾರಿ ನಿದ್ದೆಯ ಬಗ್ಗೆ ಬಂದ ಪತ್ರಗಳೇ ಹೆಚ್ಚು. ಹಾಗಾಗಿ ಅದಕ್ಕೆ ಮೊದಲು, ತುಸು ವಿವರವಾಗಿಯೇ ಉತ್ತರ.

ಪ್ರಶ್ನೆ: ರಾತ್ರಿ 9.30ಕ್ಕೇ ಮಲಗುತ್ತೇನೆ. 11 ದಾಟಿದರೂ ನಿದ್ದೆ ಹತ್ತುವುದಿಲ್ಲ. ನಡುರಾತ್ರಿ 3 ಗಂಟೆಗೆ ಎಚ್ಚರವಾದರೆ ಮತ್ತೆ ಒಂದು, ಒಂದೂವರೆ ಗಂಟೆ ಹೊರಳಾಟ. ಬೆಳಿಗ್ಗೆ 6.30ಕ್ಕೆ ಏಳುವಾಗ ಮೈಯೆಲ್ಲ ಭಾರ. ಸುಸ್ತು ಕಳೆಯಲಿ ಎಂದು ಇತ್ತೀಚೆಗೆ ಇನ್ನೂ ಬೇಗ ಮಲಗಲು ನೋಡುತ್ತಿದ್ದೇನೆ, ಪ್ರಯೋಜನವಾಗಿಲ್ಲ. ನಿದ್ದೆ ಮಾತ್ರೆ ನುಂಗಲು ಇಷ್ಟವಿಲ್ಲ. ಬೇರೆ ದಾರಿ ಇದೆಯೇ?

ಉತ್ತರ: ಇದೆ. ಅದಕ್ಕಾಗಿ ನೀವು ಮೊದಲು ಬಿಡಬೇಕಾದದ್ದು ಬೇಗ ಮಲಗುವುದನ್ನು. ಕೇಳಲು ವಿಚಿತ್ರವೆನಿಸೀತು, ಆದರೆ ನಿಮ್ಮ ನಿದ್ದೆ ಕೆಡುತ್ತಿರುವುದು ಬಹುಪಾಲು ಅದರಿಂದಲೇ.

ನಿದ್ದೆ ಬರಬೇಕಾದರೆ ಎರಡು ಸಂಗತಿ ಕೂಡಿಬರಬೇಕು. ನಾವು ಎಚ್ಚರವಿದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡಿನೊಸಿನ್ ಎಂಬ ರಾಸಾಯನಿಕ ಸೇರುತ್ತಾ ಹೋಗಿ ನಿದ್ದೆಯ ಒತ್ತಡ ಏರುತ್ತದೆ. ಇದರ ಜೊತೆಗೆ ದೇಹಕ್ಕೊಂದು ಗಡಿಯಾರವಿದೆ. ಮಿದುಳಿನ ಆಳದ ಹೈಪೊಥಲಾಮಸ್ ಎಂಬ ಭಾಗದಲ್ಲಿರುವ ನರಕೋಶಗಳ ಪುಟ್ಟ ಗುಂಪೊಂದು ಕಣ್ಣಿಗೆ ಬೀಳುವ ಬೆಳಕಿನ ಪ್ರಕಾರ ಅದನ್ನು ನಡೆಸುತ್ತದೆ. 9.30ಕ್ಕೆ ಮಲಗಿದಾಗ ನಿಮ್ಮಲ್ಲಿ ಒತ್ತಡವೂ ಸಾಕಷ್ಟು ಏರಿರುವುದಿಲ್ಲ, ಗಡಿಯಾರವೂ ಇನ್ನೂ 'ಮಲಗು' ಎಂದಿರುವುದಿಲ್ಲ. ಹಾಗಾಗಿ ಎಚ್ಚರವಾಗಿಯೇ ಹಾಸಿಗೆಯಲ್ಲಿ ಬಿದ್ದಿರುತ್ತೀರಿ. ಇದು ತಿಂಗಳುಗಟ್ಟಲೆ ನಡೆದರೆ ಮಿದುಳು ಹಾಸಿಗೆಗೂ ಎಚ್ಚರಕ್ಕೂ ಗಂಟು ಹಾಕುತ್ತದೆ. ಸೋಫಾದಲ್ಲಿ ತೂಕಡಿಸುತ್ತಿದ್ದವರಿಗೆ ಹಾಸಿಗೆಗೆ ಬಂದೊಡನೆ ಕಣ್ಣು ನಿಚ್ಚಳವಾಗುವುದು ಈ ಕಾರಣಕ್ಕೆ.

ಚಿಕಿತ್ಸೆಯಲ್ಲಿ ಎರಡು ಭಾಗ. ಮೊದಲನೆಯದನ್ನು ಮನೋವಿಜ್ಞಾನಿ ರಿಚರ್ಡ್ ಬೂಟ್ಜಿನ್ 1972ರಲ್ಲಿ ರೂಪಿಸಿದರು. ಬರಿಯ ಆಯಾಸವಾದಾಗಲ್ಲ, ಕಣ್ಣು ಎಳೆಯುವಾಗ ಮಾತ್ರ ಹಾಸಿಗೆಗೆ ಹೋಗಿ. ಸುಮಾರು 20 ನಿಮಿಷವಾದರೂ ನಿದ್ದೆ ಬಾರದಿದ್ದರೆ ಎದ್ದು ಬೇರೆ ಕೋಣೆಗೆ ನಡೆಯಿರಿ, ನಡುರಾತ್ರಿ 3 ಗಂಟೆಗೂ ಇದೇ ನಿಯಮ. 20 ನಿಮಿಷವನ್ನು ಗಡಿಯಾರ ನೋಡಿ ಅಳೆಯಬೇಡಿ, ಅಂದಾಜು ಸಾಕು. ಗಡಿಯಾರವನ್ನು ಗೋಡೆಯ ಕಡೆ ತಿರುಗಿಸಿಡುವುದೇ ಒಳ್ಳೆಯದು. ಮಂದ ಬೆಳಕಿನಲ್ಲಿ ಕೂತು, ಕುತೂಹಲ ಕೆರಳಿಸದ ಏನನ್ನಾದರೂ ಓದಿ ಅಥವಾ ಬಟ್ಟೆ ಮಡಿಸಿ. ಮತ್ತೆ ಕಣ್ಣು ಎಳೆದಾಗ ಹಾಸಿಗೆಗೆ ಮರಳಿ. ಹಾಸಿಗೆಯ ಮೇಲೆ ಫೋನು, ಟಿವಿ, ಲೆಕ್ಕಪತ್ರ ಯಾವುದೂ ಬೇಡ.

ಎರಡನೆಯದು ಹಾಸಿಗೆಯಲ್ಲಿ ಕಳೆಯುವ ಹೊತ್ತನ್ನು ಕುಗ್ಗಿಸುವುದು. ಇದನ್ನು 1980ರ ದಶಕದಲ್ಲಿ ಮನೋವಿಜ್ಞಾನಿ ಆರ್ಥರ್ ಸ್ಪೀಲ್‌ಮನ್ ಬಳಕೆಗೆ ತಂದರು. ಒಂದು ವಾರ ಬೆಳಿಗ್ಗೆ ಎದ್ದೊಡನೆ ಬರೆದಿಡಿ: ಮಲಗಿದ್ದು ಎಷ್ಟಕ್ಕೆ, ನಿದ್ದೆ ಬಂದದ್ದು ಸುಮಾರು ಎಷ್ಟಕ್ಕೆ, ನಡುವೆ ಎಚ್ಚರವಿದ್ದದ್ದು ಎಷ್ಟು ಹೊತ್ತು, ಎದ್ದದ್ದು ಎಷ್ಟಕ್ಕೆ. ನೀವು ಬರೆದಿರುವ ಪ್ರಕಾರ ಹಾಸಿಗೆಯಲ್ಲಿರುವುದು 9 ಗಂಟೆ, ನಿದ್ದೆ ಮಾಡುತ್ತಿರುವುದು ಸುಮಾರು 6 ಗಂಟೆ. ಅಂದರೆ ಶೇ 67. ಈಗ ಏಳುವ ಸಮಯ 6.30 ಎಂದು ಗಟ್ಟಿ ಮಾಡಿಕೊಂಡು ಹಿಂದಕ್ಕೆ 6 ಗಂಟೆ ಎಣಿಸಿ: ಮಲಗುವ ಸಮಯ 12.30. ಅದಕ್ಕೂ ಮುಂಚೆ ಮಲಗುವಂತಿಲ್ಲ. ವಾರದ ಕೊನೆಗೆ ಲೆಕ್ಕ ಹಾಕಿ. ಹಾಸಿಗೆಯಲ್ಲಿದ್ದ ಹೊತ್ತಿನಲ್ಲಿ ಶೇ 85ಕ್ಕಿಂತ ಹೆಚ್ಚು ನಿದ್ದೆಯಲ್ಲಿ ಕಳೆದಿದ್ದರೆ ಮುಂದಿನ ವಾರ 15 ನಿಮಿಷ ಮುಂಚೆ, ಅಂದರೆ 12.15ಕ್ಕೆ ಮಲಗಿ. ಶೇ 80ರಿಂದ 85ರ ನಡುವೆ ಇದ್ದರೆ ಹಾಗೆಯೇ ಮುಂದುವರಿಸಿ. ಶೇ 80ಕ್ಕಿಂತ ಕಡಿಮೆಯಿದ್ದರೆ 15 ನಿಮಿಷ ಕಡಿತ ಮಾಡಿ, ಆದರೆ ಒಟ್ಟು ಹೊತ್ತನ್ನು 5.30 ಗಂಟೆಗಿಂತ ಕೆಳಗೆ ಇಳಿಸಬೇಡಿ. ಹೀಗೆ ವಾರಕ್ಕೆ ಕಾಲು ಗಂಟೆಯಂತೆ ಹೆಚ್ಚಿಸುತ್ತಾ ಹೋಗಿ, ಹಗಲು ಚುರುಕಾಗಿರುವಷ್ಟು ನಿದ್ದೆ ಸಿಕ್ಕಿದಲ್ಲಿ ನಿಲ್ಲಿಸಿ.

ಹೆಚ್ಚಿನವರು ಸೋಲುವುದು ಮೊದಲ ವಾರದಲ್ಲಿ. ಆಗ ಹಗಲಿನ ಸುಸ್ತು ಖಂಡಿತ ಹೆಚ್ಚುತ್ತದೆ. ಆ ಸುಸ್ತೇ ಇಲ್ಲಿ ಔಷಧ, ಅದೇ ರಾತ್ರಿಯ ನಿದ್ದೆಯನ್ನು ಗಟ್ಟಿ ಮಾಡುವುದು. ಮಧ್ಯಾಹ್ನ ಮುಕ್ಕಾಲು ಗಂಟೆ ಮಲಗಿದಿರೋ, ಕೂಡಿಟ್ಟ ಒತ್ತಡವೆಲ್ಲ ಅಲ್ಲೇ ಖರ್ಚಾಗುತ್ತದೆ. ರಜೆಯ ದಿನ 9ರವರೆಗೆ ಮಲಗಿದರೆ ಗಡಿಯಾರ ಮತ್ತೆ ಹಿಂದೆ ಬೀಳುತ್ತದೆ. ಕಾಫಿಯನ್ನೂ ನೋಡಿಕೊಳ್ಳಿ. ಕೆಫೀನ್ ಕೆಲಸ ಮಾಡುವುದು ಅಡಿನೊಸಿನ್ ಕೂರಬೇಕಾದ ಜಾಗದಲ್ಲಿ ತಾನು ಕೂತು. ಅದರ ಅರ್ಧದಷ್ಟು ಮೈಯಿಂದ ಹೊರಹೋಗಲು ಸಾಮಾನ್ಯವಾಗಿ 5 ಗಂಟೆ ಬೇಕು, ಕೆಲವರಿಗೆ ಇನ್ನೂ ಹೆಚ್ಚು. ಮಧ್ಯಾಹ್ನದ ನಂತರ ಕುಡಿಯದಿರುವುದು ಲೇಸು.

ಎಲ್ಲರೂ ಇದನ್ನು ಸ್ವಂತವಾಗಿ ಮಾಡಬಾರದು. ಬೈಪೋಲಾರ್ (ಮನಸ್ಥಿತಿ ವಿಪರೀತ ಏರಿಳಿಯುವ) ಕಾಯಿಲೆ, ಅಪಸ್ಮಾರ ಇರುವವರು, ದಿನವಿಡೀ ವಾಹನ ಓಡಿಸುವವರು ವೈದ್ಯರ ಜೊತೆಗೂಡಿಯೇ ಮಾಡಬೇಕು. ಜೋರಾಗಿ ಗೊರಕೆ ಹೊಡೆದು ನಡುವೆ ಉಸಿರು ಕಟ್ಟುವವರ ತೊಂದರೆಯೇ ಬೇರೆ, ಅದಕ್ಕೆ ಮೊದಲು ಪರೀಕ್ಷೆ ಆಗಬೇಕು. ಉಳಿದವರಿಗೆ, ದೀರ್ಘಕಾಲದ ನಿದ್ರಾಹೀನತೆಗೆ ಮಾತ್ರೆಗಿಂತ ಮೊದಲು ಕೊಡಬೇಕಾದದ್ದು ಈ ಎರಡೂ ಸೇರಿರುವ ಚಿಕಿತ್ಸೆಯೇ ಎಂದು ವೈದ್ಯರ ಸಂಘಟನೆಯಾದ ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್ 2016ರಲ್ಲಿ ಶಿಫಾರಸು ಮಾಡಿದೆ. ಈಗಾಗಲೇ ನಿದ್ದೆ ಮಾತ್ರೆ ತೆಗೆದುಕೊಳ್ಳುತ್ತಿರುವ ಓದುಗರು ಇದನ್ನು ಓದಿ ಒಮ್ಮೆಗೇ ನಿಲ್ಲಿಸಬೇಡಿ. ಬರೆದುಕೊಟ್ಟ ವೈದ್ಯರ ಸಲಹೆಯಂತೆ ಪ್ರಮಾಣವನ್ನು ನಿಧಾನವಾಗಿ ಇಳಿಸಬೇಕು.

ಪ್ರಶ್ನೆ: ಕೆಲವು ತಿಂಗಳಿಂದ ಇದ್ದಕ್ಕಿದ್ದಂತೆ ಎದೆ ಹೊಡೆದುಕೊಳ್ಳುತ್ತದೆ, ಬೆರಳ ತುದಿ ಜುಮ್ಮೆನ್ನುತ್ತದೆ, ತಲೆ ತಿರುಗುತ್ತದೆ, ಪ್ರಾಣ ಹೋಗೇ ಬಿಡುತ್ತದೆ ಅನ್ನಿಸುತ್ತದೆ. ಇಸಿಜಿ, ರಕ್ತ, ಥೈರಾಯ್ಡ್ ಎಲ್ಲ ಸರಿಯಾಗಿವೆ. 'ಪ್ಯಾನಿಕ್ ಅಟ್ಯಾಕ್, ಟೆನ್ಷನ್ ಮಾಡ್ಕೋಬೇಡಿ' ಎಂದರು ಡಾಕ್ಟರು. ಈಗ ಬಸ್ಸು, ಲಿಫ್ಟು ಹತ್ತಲು ಭಯ. ಹೊರಗೆ ಹೊರಟರೆ ನೀರಿನ ಬಾಟಲಿ, ಮಾತ್ರೆ, ಜೊತೆಗೆ ತಮ್ಮ ಬೇಕೇ ಬೇಕು.

ಉತ್ತರ: 'ಟೆನ್ಷನ್ ಮಾಡ್ಕೋಬೇಡಿ' ಎಂಬ ಮಾತಿನಿಂದ ಯಾರಿಗೂ ಟೆನ್ಷನ್ ಕಡಿಮೆಯಾಗುವುದಿಲ್ಲ. ಮೈಯಲ್ಲಿ ನಡೆಯುತ್ತಿರುವುದು ಏನೆಂದು ತಿಳಿದರೆ ಮಾತ್ರ ಸ್ವಲ್ಪ ಧೈರ್ಯ ಬಂದೀತು.

ಅಪಾಯವಿಲ್ಲದ ಹೊತ್ತಿನಲ್ಲಿ ಅಪಾಯದ ಗಂಟೆ ಬಾರಿಸಿದೆ, ಅಷ್ಟೇ. ಅಡ್ರಿನಲಿನ್ ಹರಿದು ಎದೆಬಡಿತ ಹೆಚ್ಚುತ್ತದೆ, ಉಸಿರಾಟ ವೇಗವಾಗುತ್ತದೆ. ಓಡುತ್ತಿಲ್ಲವಾದ್ದರಿಂದ ಆ ಉಸಿರು ದೇಹಕ್ಕೆ ಬೇಕಾದದ್ದಕ್ಕಿಂತ ಹೆಚ್ಚಾಗಿ, ರಕ್ತದಲ್ಲಿನ ಕಾರ್ಬನ್ ಡೈಆಕ್ಸೈಡ್ ವಿಪರೀತ ಹೊರಹೋಗುತ್ತದೆ. ಆಗ ಮಿದುಳಿನ ರಕ್ತನಾಳಗಳು ತುಸು ಕುಗ್ಗಿ ತಲೆ ಹಗುರಾದಂತೆ, ತಿರುಗಿದಂತೆ ಆಗುತ್ತದೆ. ರಕ್ತದ ಆಮ್ಲೀಯತೆ ತಗ್ಗಿ ನರಗಳು ಕೆರಳುವುದರಿಂದ ಬೆರಳು, ತುಟಿ ಜುಮ್ಮೆನ್ನುತ್ತವೆ. ಉಸಿರು ಸಾಲುತ್ತಿಲ್ಲ ಅನ್ನಿಸಿದರೂ ರಕ್ತದಲ್ಲಿ ಆಮ್ಲಜನಕಕ್ಕೇನೂ ಕೊರತೆಯಿರುವುದಿಲ್ಲ. ಪ್ರಜ್ಞೆ ತಪ್ಪಿ ಬೀಳುವ ಭಯ ಬಹಳ ಮಂದಿಗೆ. ಸಾಮಾನ್ಯವಾಗಿ ಹಾಗೆ ಬೀಳಬೇಕಾದರೆ ರಕ್ತದೊತ್ತಡ ಇಳಿಯಬೇಕು, ಪ್ಯಾನಿಕ್‌ನಲ್ಲಿ ಅದು ಏರುತ್ತದೆ. ಈ ಅಲೆ ಸಾಮಾನ್ಯವಾಗಿ 10 ನಿಮಿಷದೊಳಗೆ ತುದಿ ಮುಟ್ಟಿ, ನೀವು ಏನೂ ಮಾಡದಿದ್ದರೂ ಇಳಿಯುತ್ತದೆ.

ಹಾಗಾದರೆ ಮತ್ತೆ ಮತ್ತೆ ಬರುವುದೇಕೆ? ಮನೋವಿಜ್ಞಾನಿ ಡೇವಿಡ್ ಕ್ಲಾರ್ಕ್ 1986ರಲ್ಲಿ ವಿವರಿಸಿದ ಸುಳಿ ಇದು: ಎದೆ ಒಮ್ಮೆ ಜೋರಾಗಿ ಬಡಿಯುತ್ತದೆ, 'ಹಾರ್ಟ್ ಅಟ್ಯಾಕ್' ಎಂದು ಮನಸ್ಸು ತೀರ್ಪು ಕೊಡುತ್ತದೆ, ಆ ತೀರ್ಪಿನಿಂದ ಇನ್ನಷ್ಟು ಅಡ್ರಿನಲಿನ್, ಅದರಿಂದ ಇನ್ನಷ್ಟು ಬಡಿತ. ನೀರಿನ ಬಾಟಲಿ, ಜೇಬಿನ ಮಾತ್ರೆ, ಜೊತೆಗೆ ತಮ್ಮ, ಇವೆಲ್ಲ ಈ ಸುಳಿಯನ್ನು ಕಾಪಾಡುತ್ತವೆ. ಪ್ರತಿ ಸಲ ಏನೂ ಆಗದೆ ಮನೆಗೆ ಮರಳಿದಾಗ ಮಿದುಳು ಕಲಿಯುವ ಪಾಠ 'ಬಸ್ಸಿನಲ್ಲಿ ಅಪಾಯವಿಲ್ಲ' ಎಂದಲ್ಲ. 'ತಮ್ಮ ಇದ್ದದ್ದಕ್ಕೆ ಬದುಕಿದೆ' ಎಂದು.

ಅಭ್ಯಾಸ ಹೀಗೆ ಮಾಡಿ. ಹೃದ್ರೋಗ, ಅಸ್ತಮಾ, ಅಪಸ್ಮಾರ, ಗರ್ಭಾವಸ್ಥೆ ಇಲ್ಲವೆಂದು ಖಾತ್ರಿಯಾಗಿ, ವೈದ್ಯರು ಆಗಬಹುದು ಎಂದ ಮೇಲೆ, ಆ ಲಕ್ಷಣಗಳನ್ನು ನೀವೇ ಬರಿಸಿಕೊಳ್ಳಬೇಕು. ನಿಂತಲ್ಲೇ 1 ನಿಮಿಷ ಓಡಿದರೆ ಎದೆಬಡಿತ ಬರುತ್ತದೆ. ತಿರುಗುವ ಕುರ್ಚಿಯಲ್ಲಿ 1 ನಿಮಿಷ ಸುತ್ತಿದರೆ ತಲೆಸುತ್ತು. ಕೂತು 1 ನಿಮಿಷ ಬೇಗ ಬೇಗ ಆಳವಾಗಿ ಉಸಿರಾಡಿದರೆ ಜುಮ್ಮೆನ್ನುವಿಕೆ. ಮೂಗು ಹಿಡಿದು ಸಣ್ಣ ಸ್ಟ್ರಾದ ಮೂಲಕ 1ರಿಂದ 2 ನಿಮಿಷ ಉಸಿರಾಡಿದರೆ ಉಸಿರು ಸಾಲದ ಭಾವನೆ. ಒಂದೊಂದಕ್ಕೂ ಮುಂಚೆ ಒಂದು ಸಾಲು ಬರೆಯಿರಿ, 'ನಾನು ಬಿದ್ದುಹೋಗುತ್ತೇನೆ, ನಂಬಿಕೆ ಶೇ 80' ಎಂದು. ಮುಗಿದ ಮೇಲೆ ಆದದ್ದೇನು ಎಂದು ಪಕ್ಕದಲ್ಲಿ ಬರೆಯಿರಿ. ನಿಮ್ಮ ಪ್ಯಾನಿಕ್‌ಗೆ ಅತಿ ಹತ್ತಿರ ಅನ್ನಿಸಿದ್ದನ್ನು ಆರಿಸಿ, ದಿನಕ್ಕೆ ನಾಲ್ಕೈದು ಬಾರಿಯಂತೆ, ಭಯ ಅರ್ಧಕ್ಕಿಳಿಯುವವರೆಗೆ ಮಾಡಿ. ಆಮೇಲೆ ಲಿಫ್ಟು, ಆಮೇಲೆ ಬಸ್ಸು. ತಮ್ಮ ಮೊದಲು ಎರಡು ಸೀಟು ಹಿಂದೆ ಕೂರಲಿ, ನಂತರ ಮುಂದಿನ ನಿಲ್ದಾಣದಲ್ಲಿ ಕಾಯಲಿ, ಕೊನೆಗೆ ಮನೆಯಲ್ಲೇ ಇರಲಿ. ಬಾಟಲಿಯೂ ಮನೆಯಲ್ಲಿರಲಿ.

ಇಲ್ಲಿ ಆಗುವ ದೊಡ್ಡ ತಪ್ಪೆಂದರೆ ಭಯ ಏರುತ್ತಿರುವಾಗ ನಿಧಾನ ಉಸಿರಾಟದಿಂದ ಅದನ್ನು ಅದುಮಲು ನೋಡುವುದು. 4 ಎಣಿಸುವಷ್ಟು ಒಳಕ್ಕೆ, 6 ಎಣಿಸುವಷ್ಟು ಹೊರಕ್ಕೆ ಬಿಡುವ ಉಸಿರಾಟ ದಿನನಿತ್ಯದ ಅಭ್ಯಾಸವಾಗಿ ಚೆನ್ನ. ಈ ಪರೀಕ್ಷೆಯ ಹೊತ್ತಿನಲ್ಲಿ ಮಾಡಿದರೆ ಅದೂ ಇನ್ನೊಂದು ನೀರಿನ ಬಾಟಲಿಯಾಗುತ್ತದೆ. ಕಾಗದದ ಚೀಲದೊಳಗೆ ಉಸಿರಾಡುವ ಹಳೆಯ ಉಪಾಯ ಬೇಡವೇ ಬೇಡ. ತೊಂದರೆ ನಿಜಕ್ಕೂ ಹೃದಯದ್ದೋ ಶ್ವಾಸಕೋಶದ್ದೋ ಆಗಿದ್ದರೆ ಅದು ಅಪಾಯಕಾರಿ. ಗುಣವಾದ ಮೇಲೂ ಎಂದೋ ಒಂದು ದಿನ ಭಯ ಮರುಕಳಿಸಬಹುದು, ಎದೆಗುಂದಬೇಡಿ. ಹಳೆಯ ಭಯ ಅಳಿಸಿಹೋಗುವುದಿಲ್ಲ, ಅದರ ಮೇಲೆ ಹೊಸ ಕಲಿಕೆ ಕೂರುತ್ತದೆ. ಆದ್ದರಿಂದ ಒಂದೇ ಬಸ್ಸು, ಒಂದೇ ಹೊತ್ತು ಎಂದುಕೊಳ್ಳದೆ ಬೇರೆ ಬೇರೆ ಜಾಗಗಳಲ್ಲಿ, ಬೇರೆ ಬೇರೆ ಹೊತ್ತಿನಲ್ಲಿ ಮಾಡಿದಷ್ಟೂ ಅದು ಗಟ್ಟಿ. ಒಬ್ಬರೇ ಮಾಡುವುದು ಕಷ್ಟವೆನಿಸಿದರೆ ಕ್ಲಿನಿಕಲ್ ಸೈಕಾಲಜಿಸ್ಟ್ ಒಬ್ಬರು ಇದನ್ನೇ ಜೊತೆಗೂಡಿ ಮಾಡಿಸುತ್ತಾರೆ. ಎದೆನೋವು ಹೊಸ ಬಗೆಯದಾದರೆ, ಕೈಗೋ ದವಡೆಗೋ ಹರಡಿದರೆ, ಶ್ರಮಪಟ್ಟಾಗ ಬಂದರೆ, ಪ್ಯಾನಿಕ್ ಎಂದು ನೀವೇ ತೀರ್ಮಾನಿಸದೆ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಮನುಷ್ಯ ತನ್ನ ಮಿದುಳಿನ ಶೇ 10 ಭಾಗವನ್ನಷ್ಟೇ ಬಳಸುತ್ತಾನಂತೆ, ನಿಜವೇ?

ಉತ್ತರ: ಅಲ್ಲ. ದೇಹದ ತೂಕದಲ್ಲಿ ಸುಮಾರು ಶೇ 2ರಷ್ಟಿರುವ ಮಿದುಳು ವಿಶ್ರಾಂತಿಯಲ್ಲೂ ದೇಹದ ಶೇ 20ರಷ್ಟು ಶಕ್ತಿಯನ್ನು ಬಳಸುತ್ತದೆ. ಪಾರ್ಶ್ವವಾಯುವಿನಲ್ಲಿ ಬಟಾಣಿಯಷ್ಟು ಜಾಗ ಸತ್ತರೂ ಮಾತೋ ಕೈಯೋ ಹೋಗಬಹುದು. ಸುಮ್ಮನೆ ಬಿದ್ದಿರುವ ಶೇ 90 ಎಲ್ಲೂ ಇಲ್ಲ.

ಪ್ರಶ್ನೆ: ಹತ್ತನೇ ತರಗತಿಯ ಮಗ ದಿನಕ್ಕೆ ನಾಲ್ಕು ಗಂಟೆ ಓದುತ್ತಾನೆ. ಸಾಲಿನ ಕೆಳಗೆ ಗೆರೆ ಎಳೆಯುತ್ತಾನೆ, ಮೂರು ಮೂರು ಸಲ ಓದುತ್ತಾನೆ. ಕೇಳಿದರೆ 'ಎಲ್ಲಾ ಗೊತ್ತಮ್ಮ' ಅನ್ನುತ್ತಾನೆ. ಪರೀಕ್ಷೆಯಲ್ಲಿ ಮಾತ್ರ ಮರೆತುಹೋಯಿತು ಎನ್ನುತ್ತಾನೆ. ಜ್ಞಾಪಕಶಕ್ತಿಗೆ ಏನಾದರೂ ಕೊಡಬೇಕೇ?

ಉತ್ತರ: ಟಾನಿಕ್ ಬೇಡ. ಮಗ ಸುಳ್ಳು ಹೇಳುತ್ತಿಲ್ಲ, ಅವನಿಗೆ ನಿಜವಾಗಿಯೂ ಗೊತ್ತಿದೆ ಅನ್ನಿಸುತ್ತದೆ. ಮೂರನೇ ಸಲ ಓದುವಾಗ ಪುಟ ಪರಿಚಿತವಾಗಿ ಕಣ್ಣು ಸರಾಗವಾಗಿ ಓಡುತ್ತದೆ. ಆ ಸರಾಗವನ್ನೇ ಮನಸ್ಸು ಕಲಿಕೆ ಎಂದು ತಪ್ಪು ತಿಳಿಯುತ್ತದೆ. ಪರೀಕ್ಷೆ ಕೇಳುವುದು ಪರಿಚಯವನ್ನಲ್ಲ, ಪುಸ್ತಕವಿಲ್ಲದೆ ಹೊರತೆಗೆಯುವುದನ್ನು.

ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಇದನ್ನು ಅಳೆದು ತೋರಿಸಿದರು. ಒಂದು ಪಾಠವನ್ನು ಕೆಲವು ವಿದ್ಯಾರ್ಥಿಗಳು ಎರಡು ಬಾರಿ ಓದಿದರು, ಉಳಿದವರು ಒಮ್ಮೆ ಓದಿ, ಎರಡನೇ ಬಾರಿ ಓದುವ ಬದಲು ನೆನಪಿನಿಂದ ಬರೆದರು. 5 ನಿಮಿಷದ ನಂತರ ಪರೀಕ್ಷಿಸಿದಾಗ ಎರಡು ಬಾರಿ ಓದಿದವರೇ ಮುಂದು. ಒಂದು ವಾರದ ನಂತರ ಚಿತ್ರ ತಲೆಕೆಳಗಾಯಿತು: ಓದಿದವರಿಗೆ ಉಳಿದದ್ದು ಸುಮಾರು ಶೇ 42, ಬರೆದವರಿಗೆ ಶೇ 56. ರಾತ್ರಿ ಓದಿದ್ದು ಆ ಹೊತ್ತಿಗೆ ಚೆನ್ನಾಗಿಯೇ ನೆನಪಿರುವುದು, ವಾರ ಕಳೆದಾಗ ಕೈಕೊಡುವುದು ಹೀಗೆ.

ಮನೆಯಲ್ಲಿ ಹೀಗೆ ಮಾಡಿಸಿ. ಪಾಠದ ಎರಡು ಮೂರು ಪುಟ 10 ನಿಮಿಷ ಓದಲಿ. ಪುಸ್ತಕ ಮುಚ್ಚಿ, ಖಾಲಿ ಹಾಳೆಯಲ್ಲಿ ನೆನಪಿದ್ದಷ್ಟನ್ನು 5 ನಿಮಿಷ ಬರೆಯಲಿ. ನೆನಪಾಗದೆ ಕೈ ನಿಂತಾಗ ತಕ್ಷಣ ಪುಸ್ತಕ ತೆರೆಯಬಾರದು, ಅರ್ಧ ನಿಮಿಷವಾದರೂ ಪರದಾಡಲಿ. ನೆನಪು ಗಟ್ಟಿಯಾಗುವುದೇ ಆ ಪರದಾಟದಲ್ಲಿ. ನಂತರ ಪುಸ್ತಕ ತೆರೆದು ಬಿಟ್ಟುಹೋದದ್ದನ್ನು, ತಪ್ಪಿದ್ದನ್ನು ಬೇರೆ ಬಣ್ಣದ ಪೆನ್ನಿನಲ್ಲಿ ಅದೇ ಹಾಳೆಯಲ್ಲಿ ಸೇರಿಸಲಿ. ಮಾರನೇ ದಿನ ಹೊಸ ಹಾಳೆಯಲ್ಲಿ ಮತ್ತೊಮ್ಮೆ, ಓದದೆ ನೇರವಾಗಿ ಬರೆಯುವುದರಿಂದಲೇ ಶುರು. ಆಮೇಲೆ ಅಂತರ ಹೆಚ್ಚಿಸಿ. ಪರೀಕ್ಷೆ ಒಂದು ತಿಂಗಳ ದೂರದಲ್ಲಿದ್ದರೆ ಒಂದು ಪಾಠಕ್ಕೆ ಮರಳುವ ಅಂತರ ಮೂರರಿಂದ ಆರು ದಿನ ಇರಲಿ. ಗಣಿತದಲ್ಲಿ ಒಂದೇ ಮಾದರಿಯ ಇಪ್ಪತ್ತು ಲೆಕ್ಕ ಸಾಲಾಗಿ ಮಾಡಿಸಬೇಡಿ. ನಾಲ್ಕು ಅಧ್ಯಾಯದ ಲೆಕ್ಕಗಳನ್ನು ಕಲಸಿ ಕೊಡಿ. ಯಾವ ಸೂತ್ರ ಹಾಕಬೇಕು ಎಂದು ಗುರುತಿಸುವುದೂ ಪರೀಕ್ಷೆಯ ಭಾಗವಲ್ಲವೇ?

ಮೊದಲ ಹಾಳೆಗಳು ಅರ್ಧ ಖಾಲಿಯೇ ಇರುತ್ತವೆ. ಅದನ್ನು ನೋಡಿ ನೀವು ಗದರಿದರೆ ಮಗ ಮರುದಿನವೇ ಗೆರೆ ಎಳೆಯುವುದಕ್ಕೆ ಮರಳುತ್ತಾನೆ, ಏಕೆಂದರೆ ಅಲ್ಲಿ ಯಾವ ತಪ್ಪೂ ಕಾಣುವುದಿಲ್ಲ. ಹಾಗೆಯೇ, ನಿದ್ದೆಗೆಟ್ಟು ಓದಿಸಬೇಡಿ. ಹಗಲು ಕಲಿತದ್ದನ್ನು ಹಿಪೊಕ್ಯಾಂಪಸ್ (ನೆನಪಿಗೆ ಸಂಬಂಧಿಸಿದ ಮಿದುಳಿನ ಭಾಗ) ಮರಳಿ ಓಡಿಸಿ ಗಟ್ಟಿ ಮಾಡುವ ಕೆಲಸ ಬಹುಮಟ್ಟಿಗೆ ನಿದ್ದೆಯಲ್ಲೇ ನಡೆಯುತ್ತದೆ.

ಪ್ರಶ್ನೆ: ಯಾವುದೇ ಅಭ್ಯಾಸ 21 ದಿನ ಮಾಡಿದರೆ ರೂಢಿಯಾಗುತ್ತದೆ ಎನ್ನುತ್ತಾರೆ. ವ್ಯಾಯಾಮ 21 ದಿನ ಮಾಡಿದೆ, ಇಪ್ಪತ್ತೆರಡನೇ ದಿನ ಎಂದಿನಷ್ಟೇ ಕಷ್ಟವಾಗಿ ಬಿಟ್ಟುಬಿಟ್ಟೆ. ನನ್ನಲ್ಲಿ ಇಚ್ಛಾಶಕ್ತಿ ಇಲ್ಲವೇ?

ಉತ್ತರ: ಕೊರತೆ ನಿಮ್ಮದಲ್ಲ, ಆ ಸಂಖ್ಯೆಯದು. ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಎಂಬ ಪ್ಲಾಸ್ಟಿಕ್ ಸರ್ಜನ್, ಶಸ್ತ್ರಚಿಕಿತ್ಸೆಯ ನಂತರ ಹೊಸ ಮುಖಕ್ಕೆ ಹೊಂದಿಕೊಳ್ಳಲು ರೋಗಿಗಳಿಗೆ ಕನಿಷ್ಠ 21 ದಿನ ಬೇಕಾಗುತ್ತದೆ ಎಂದು 1960ರಲ್ಲಿ ಬರೆದಿದ್ದರು. ಬಾಯಿಂದ ಬಾಯಿಗೆ ಹೋಗುತ್ತಾ 'ಕನಿಷ್ಠ' ಬಿದ್ದುಹೋಯಿತು, ವ್ಯಾಯಾಮ ಸೇರಿಕೊಂಡಿತು.

ಲಂಡನ್‌ನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪ್ಪಾ ಲಾಲಿ ಮತ್ತು ಸಂಗಡಿಗರು 96 ಮಂದಿಯನ್ನು 12 ವಾರ ಗಮನಿಸಿದರು. ಹೊಸ ಕೆಲಸವೊಂದು ತಾನೇ ತಾನಾಗಿ ನಡೆಯುವ ಮಟ್ಟಕ್ಕೆ ಬರಲು ಬೇಕಾದ ದಿನಗಳ ಮಧ್ಯಮ ಅಂಕಿ 66. ಕೆಲವರಿಗೆ 18 ದಿನ ಸಾಕಾಯಿತು, ಕೆಲವರಿಗೆ 254 ದಿನ ಬೇಕೆಂದು ಅಂದಾಜಾಯಿತು. ಒಂದು ಲೋಟ ನೀರು ಕುಡಿಯುವಂಥ ಸುಲಭದ ಕೆಲಸ ಬೇಗ ರೂಢಿಯಾಯಿತು, ವ್ಯಾಯಾಮಕ್ಕೆ ಹೆಚ್ಚು ದಿನ ಹಿಡಿಯಿತು. ನನಗೆ ಅತಿ ಮುಖ್ಯವೆನಿಸುವ ಅಂಶ ಬೇರೆ: ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ನಷ್ಟವೇನೂ ಆಗಲಿಲ್ಲ.

ರೂಢಿ ಅಂಟಿಕೊಳ್ಳುವುದು ದಿನದ ಲೆಕ್ಕಕ್ಕಲ್ಲ, ಒಂದು ಸುಳಿವಿಗೆ. 'ಬೆಳಿಗ್ಗೆ ವ್ಯಾಯಾಮ ಮಾಡುತ್ತೇನೆ' ಎಂಬುದರಲ್ಲಿ ಸುಳಿವಿಲ್ಲ. 'ಹಲ್ಲುಜ್ಜಿ ಬ್ರಷ್ ಕೆಳಗಿಟ್ಟ ಕೂಡಲೇ ಚಾಪೆ ಹಾಸಿ ಹತ್ತು ಬಸ್ಕಿ ಹೊಡೆಯುತ್ತೇನೆ' ಎಂಬುದರಲ್ಲಿದೆ. ಹೀಗೆ 'ಇದಾದ ಕೂಡಲೇ ಅದು' ಎಂದು ಮೊದಲೇ ಗೊತ್ತುಮಾಡಿಕೊಂಡವರು ಅಂದುಕೊಂಡದ್ದನ್ನು ಮಾಡುವ ಸಂಭವ ಹೆಚ್ಚು ಎಂದು ಮನೋವಿಜ್ಞಾನಿ ಪೀಟರ್ ಗೋಲ್‌ವಿಟ್ಜರ್ 1990ರ ದಶಕದಿಂದ ನಡೆಸಿದ ಅಧ್ಯಯನಗಳು ತೋರಿಸಿವೆ. ಸುಳಿವು ದಿನವೂ ತಪ್ಪದೆ ಬರುವಂಥದ್ದಿರಲಿ, ಕೆಲಸ ಎಷ್ಟು ಚಿಕ್ಕದೆಂದರೆ ಜ್ವರ ಬಿಟ್ಟ ಮರುದಿನವೂ ಮಾಡುವಂತಿರಲಿ. ಹೆಚ್ಚಿಸುವುದು ಆಮೇಲಿನ ಮಾತು.

ಪ್ರಶ್ನೆ: ಫೋನಿನ ಚಟ ಬಿಡಲು 'ಡೋಪಮೈನ್ ಉಪವಾಸ' ಮಾಡಬೇಕಂತೆ. ಒಂದು ದಿನ ಎಲ್ಲಾ ಖುಷಿಯಿಂದ ದೂರವಿದ್ದರೆ ಮಿದುಳು ರೀಸೆಟ್ ಆಗುತ್ತದೆಯೇ?

ಉತ್ತರ: ಆಗುವುದಿಲ್ಲ. ಡೋಪಮೈನ್ ಎಂಬುದು ನರಕೋಶಗಳ ನಡುವೆ ಸಂದೇಶ ಒಯ್ಯುವ ರಾಸಾಯನಿಕ, ತುಂಬಿ ತುಳುಕಿದಾಗ ಖಾಲಿ ಮಾಡುವಂಥ ವಸ್ತುವಲ್ಲ. ಕೈಕಾಲು ಆಡಿಸಲೂ ಅದು ಬೇಕು. ಅದನ್ನು ತಯಾರಿಸುವ ಕೋಶಗಳು ಸಾಯುವ ಕಾಯಿಲೆಯೇ ಪಾರ್ಕಿನ್ಸನ್. ನರವಿಜ್ಞಾನಿ ವೋಲ್ಫ್‌ರಾಮ್ ಶುಲ್ಟ್ಜ್ ಅವರ ಪ್ರಯೋಗಗಳಲ್ಲಿ ಮಂಗಗಳಿಗೆ ದೀಪ ಹೊತ್ತಿಸಿ ಹಣ್ಣಿನ ರಸ ಕೊಟ್ಟಾಗ, ಮೊದಮೊದಲು ರಸ ಬಂದಾಗ ಈ ಕೋಶಗಳು ಮಿಡಿದವು. ಕಲಿತ ಮೇಲೆ ದೀಪಕ್ಕೇ ಮಿಡಿದವು, ರಸಕ್ಕಲ್ಲ. ದೀಪ ಹೊತ್ತಿ ರಸ ಬಾರದಿದ್ದಾಗ ಮಿಡಿತ ಕುಸಿಯಿತು. ನಿಮ್ಮ ಫೋನಿನ 'ಟಿಂಗ್' ಆ ದೀಪ. ಒಳಗೆ ಒಮ್ಮೆ ಏನೋ ಇರುತ್ತದೆ, ಒಮ್ಮೆ ಇರುವುದಿಲ್ಲ. ಯಾವಾಗ ಎಂದು ತಿಳಿಯದಿರುವುದೇ ಮತ್ತೆ ಮತ್ತೆ ನೋಡಿಸುತ್ತದೆ.

ಆದ್ದರಿಂದ ಉಪವಾಸದ ಬದಲು ದೀಪಗಳನ್ನು ಆರಿಸಿ. ಮನುಷ್ಯರು ನೇರವಾಗಿ ಮಾಡುವ ಕರೆ, ಕಳಿಸುವ ಸಂದೇಶ ಬಿಟ್ಟು ಉಳಿದೆಲ್ಲ ನೋಟಿಫಿಕೇಶನ್ ತೆಗೆಯಿರಿ. ಹೆಚ್ಚು ಹೊತ್ತು ನುಂಗುವ ಆ್ಯಪ್‌ನಿಂದ ಪ್ರತಿ ಸಲ ಲಾಗ್‌ಔಟ್ ಆಗಿ. ಪಾಸ್‌ವರ್ಡ್ ಟೈಪ್ ಮಾಡುವ ಅರೆ ನಿಮಿಷದಲ್ಲಿ 'ಈಗ ಯಾಕೆ ತೆರೆದೆ?' ಎಂದು ಹೊಳೆಯುತ್ತದೆ. ರಾತ್ರಿ ಚಾರ್ಜರ್ ಮಲಗುವ ಕೋಣೆಯ ಹೊರಗಿರಲಿ, ಅಲಾರಂಗೆ ಬೇರೆ ಗಡಿಯಾರ ತನ್ನಿ.

ಪ್ರಶ್ನೆ: ಕೆಲಸ ಬಿಟ್ಟ ಮೇಲೆ ಯಾವುದರಲ್ಲೂ ಆಸಕ್ತಿಯಿಲ್ಲ. ಮೂಡ್ ಸರಿಯಾದ ಮೇಲೆ ಎಲ್ಲಾ ಶುರು ಮಾಡೋಣ ಎಂದುಕೊಳ್ಳುತ್ತೇನೆ. ಮೂಡ್ ಸರಿಯಾಗುತ್ತಲೇ ಇಲ್ಲ.

ಉತ್ತರ: ಮನಸ್ಸು ಕುಗ್ಗಿದಾಗ ಕ್ರಮ ತಿರುಗುಮುರುಗಾಗುತ್ತದೆ: ಮೊದಲು ಕೆಲಸ, ಆಮೇಲೆ ಹುರುಪು. ಏನೂ ಮಾಡದೆ ಕೂತಾಗ ಸಂತೋಷ ಕೊಡುವಂಥದ್ದು ಯಾವುದೂ ಎದುರಾಗುವುದೇ ಇಲ್ಲ, ಅದರಿಂದ ಮನಸ್ಸು ಇನ್ನಷ್ಟು ಕುಗ್ಗುತ್ತದೆ. ಇದನ್ನು ಹೊರಗಿನಿಂದ ಒಳಕ್ಕೆ ಬಿಡಿಸುವ ಚಿಕಿತ್ಸೆಗೆ ಬಿಹೇವಿಯರಲ್ ಆ್ಯಕ್ಟಿವೇಶನ್ ಎನ್ನುತ್ತಾರೆ.

ಒಂದು ಹಾಳೆಯಲ್ಲಿ ಎದ್ದ ಹೊತ್ತಿನಿಂದ ಮಲಗುವವರೆಗೆ ಗಂಟೆಗೊಂದು ಸಾಲು ಮಾಡಿ. ಮೊದಲ ವಾರ ಏನನ್ನೂ ಬದಲಿಸದೆ, ಮಾಡಿದ್ದನ್ನು ಬರೆದು ಪಕ್ಕದಲ್ಲಿ 0ರಿಂದ 10ರವರೆಗೆ ಎರಡು ಅಂಕ ಕೊಡಿ: ಎಷ್ಟು ಹಿತವೆನಿಸಿತು, ಏನೋ ಮಾಡಿ ಮುಗಿಸಿದೆ ಎಂಬ ಸಮಾಧಾನ ಎಷ್ಟು. 'ಬೆಳಿಗ್ಗೆ 10, ಹಾಸಿಗೆಯಲ್ಲಿ ಫೋನು: ಹಿತ 2, ಸಮಾಧಾನ 0. ಸಂಜೆ 5, ಗಿಡಗಳಿಗೆ ನೀರು: ಹಿತ 3, ಸಮಾಧಾನ 5.' ಹಾಳೆ ತುಂಬಿದಾಗ 'ದಿನವೆಲ್ಲ ಒಂದೇ ಥರ' ಎಂಬ ಅನಿಸಿಕೆ ಸುಳ್ಳೆಂದು ನಿಮಗೇ ಕಾಣುತ್ತದೆ. ಎರಡನೇ ವಾರ, ಅಂಕ ಹೆಚ್ಚು ಬಂದ ಕೆಲಸಗಳಿಂದ ದಿನಕ್ಕೊಂದನ್ನು ಆರಿಸಿ, ಅಂಕ ಕಡಿಮೆಯಿರುವ ಗಂಟೆಗೆ ಸರಿಸಿ. ಎಷ್ಟು ಹೊತ್ತು ಎಂಬುದನ್ನೂ ಬರೆಯಿರಿ: 'ನಡಿಗೆ' ಅಲ್ಲ, '10 ಗಂಟೆಗೆ, 10 ನಿಮಿಷ ನಡಿಗೆ'. ಇಷ್ಟವಾಯಿತೇ ಇಲ್ಲವೇ ಎಂಬುದು ಲೆಕ್ಕಕ್ಕಿಲ್ಲ, ಆ ಹೊತ್ತಿಗೆ ಮಾಡಿದರಾಯಿತು. ಸಾಮಾನ್ಯವಾಗಿ ಮೊದಲು ಏರುವುದು ಸಮಾಧಾನದ ಅಂಕ, ಹಿತದ ಅಂಕ ತಡವಾಗಿ ಬರುತ್ತದೆ. ತಪ್ಪುವುದು ಎಲ್ಲಿ ಎಂದರೆ, ಒಂದು ಒಳ್ಳೆಯ ದಿನ ಸಿಕ್ಕಿದೊಡನೆ ಬಾಕಿಯಿದ್ದ ಕೆಲಸವನ್ನೆಲ್ಲ ಮೈಮೇಲೆ ಎಳೆದುಕೊಂಡು ಮರುದಿನ ಮಲಗಿಬಿಡುವುದು.

ಎರಡು ವಾರ ಮೀರಿ ದಿನದ ಬಹುಪಾಲು ಇದೇ ಸ್ಥಿತಿಯಿದ್ದರೆ, ಊಟ ನಿದ್ದೆ ಕೆಟ್ಟಿದ್ದರೆ ವೈದ್ಯರನ್ನು ಕಾಣಿ. ಬದುಕೇ ಬೇಡ ಎಂಬ ಯೋಚನೆ ಬರುತ್ತಿದ್ದರೆ ಹಾಳೆ, ಅಂಕ ಎಲ್ಲ ಪಕ್ಕಕ್ಕಿಡಿ. ಇವತ್ತೇ ಹತ್ತಿರದವರಿಗೆ ಬಾಯಿಬಿಟ್ಟು ಹೇಳಿ, ಆಸ್ಪತ್ರೆಗೆ ಹೋಗಿ ಅಥವಾ ಸಹಾಯವಾಣಿಗೆ ಕರೆ ಮಾಡಿ. ಆ ಯೋಚನೆಗೆ ಚಿಕಿತ್ಸೆಯಿದೆ.

ಪ್ರಶ್ನೆ: ಅತ್ತೆಯವರಿಗೆ 71 ವರ್ಷ. ಕನ್ನಡಕ ಇಟ್ಟ ಜಾಗ, ಪರಿಚಯದವರ ಹೆಸರು ಮರೆಯುತ್ತಾರೆ. ಇತ್ತೀಚೆಗೆ ಕೇಳಿದ್ದನ್ನೇ ಕೇಳುತ್ತಾರೆ. ಪದಬಂಧ ಬಿಡಿಸಿದರೆ ಡಿಮೆನ್ಷಿಯಾ (ಮರೆಗುಳಿ ಕಾಯಿಲೆ) ಬರುವುದಿಲ್ಲ ಎಂದು ಆ್ಯಪ್ ಹಾಕಿಕೊಟ್ಟಿದ್ದೇವೆ.

ಉತ್ತರ: ಹೆಸರು ಆ ಕ್ಷಣಕ್ಕೆ ಹೊಳೆಯದೆ ಆಮೇಲೆ ನೆನಪಾಗುವುದು, ಕನ್ನಡಕ ಹುಡುಕುವುದು ವಯಸ್ಸಿನ ಸಹಜ ಮರೆವು. ಕೇಳಿದ ಪ್ರಶ್ನೆಯನ್ನೇ ಅರ್ಧ ಗಂಟೆಯಲ್ಲಿ ಮತ್ತೆ ಕೇಳುವುದು, ಉತ್ತರ ಸಿಕ್ಕಿತ್ತು ಎಂಬುದೇ ಅಳಿಸಿಹೋಗಿರುವುದು ಬೇರೆ. ಗೊತ್ತಿದ್ದ ದಾರಿ ತಪ್ಪುವುದು, ಹಣದ ಲೆಕ್ಕ ಎಡವುವುದು, ವರ್ಷಗಟ್ಟಲೆ ಮಾಡಿದ ಅಡುಗೆಯ ಕ್ರಮ ತಪ್ಪುವುದು ಕಂಡರೂ ತಪಾಸಣೆ ಮಾಡಿಸಬೇಕು.

ಹೆದರುವ ಮುನ್ನ, ಸರಿಪಡಿಸಬಹುದಾದ ಕಾರಣಗಳನ್ನು ನೋಡಲಿ. ಥೈರಾಯ್ಡ್ ಕಡಿಮೆಯಾಗಿರುವುದು, ವಿಟಮಿನ್ ಬಿ12 ಕೊರತೆ, ಖಿನ್ನತೆ, ನಿದ್ದೆಯಲ್ಲಿ ಉಸಿರು ಕಟ್ಟುವುದು ಇವೆಲ್ಲ ಮರೆವು ತರುತ್ತವೆ. ಅಲರ್ಜಿ, ಶೀತಕ್ಕೆ ಕೊಡುವ ಹಳೆಯ ಬಗೆಯ ಮಂಪರು ತರಿಸುವ ಮಾತ್ರೆ, ನಿದ್ದೆ ಮಾತ್ರೆ, ಮೂತ್ರದ ಅವಸರಕ್ಕೆ ಕೊಡುವ ಕೆಲವು ಮಾತ್ರೆಗಳೂ ಅಷ್ಟೇ. ಒಂದೆರಡು ದಿನದಲ್ಲೇ ದಿಢೀರನೆ ಗೊಂದಲ ಶುರುವಾದರೆ ಅದು ಡಿಮೆನ್ಷಿಯಾ ಅಲ್ಲದೆ ಸೋಂಕೋ, ಸೋಡಿಯಂ ಏರುಪೇರೋ ಆಗಿರಬಹುದು. ಆಗ ಕಾಯಬೇಡಿ, ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.

ಪದಬಂಧದ ಆ್ಯಪ್‌ನಿಂದ ಪದಬಂಧದಲ್ಲಿ ಚುರುಕಾಗುತ್ತಾರೆ, ಅದರಾಚೆಗೆ ಲಾಭ ಅಷ್ಟಾಗಿ ಹರಡುವುದಿಲ್ಲ. ಖುಷಿಗೆ ಆಡಲಿ. ಡಿಮೆನ್ಷಿಯಾ ಕುರಿತು ವೈದ್ಯಕೀಯ ಪತ್ರಿಕೆ 'ಲ್ಯಾನ್ಸೆಟ್' ರಚಿಸಿದ ತಜ್ಞರ ಆಯೋಗ 2024ರಲ್ಲಿ ಬದಲಿಸಬಹುದಾದ 14 ಅಪಾಯಕಾರಿ ಅಂಶಗಳನ್ನು ಹೆಸರಿಸಿ, ಜಗತ್ತಿನ ಡಿಮೆನ್ಷಿಯಾ ಪ್ರಕರಣಗಳಲ್ಲಿ ಸುಮಾರು ಶೇ 45ರಷ್ಟಕ್ಕೆ ಇವುಗಳ ಸಂಬಂಧವಿದೆ ಎಂದು ಅಂದಾಜಿಸಿತು. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಧೂಮಪಾನ, ಒಂಟಿತನ, ದೃಷ್ಟಿದೋಷ ಅದರಲ್ಲಿವೆ. ಕಿವಿ ಮಂದವಾಗುವುದೂ ಇದೆ, ಮನೆಗಳಲ್ಲಿ ಅತಿ ಹೆಚ್ಚು ಕಡೆಗಣಿಸುವುದು ಅದನ್ನೇ. ಸರಿಯಾಗಿ ಕೇಳಿಸದ ಮಾತು ನೆನಪಿನೊಳಗೆ ಹೋಗುವುದೇ ಇಲ್ಲ. ಹೊರಗಿನವರಿಗೆ ಅದು ಮರೆವಿನಂತೆ ಕಾಣುತ್ತದೆ. ಅತ್ತೆಯವರು ಟಿವಿ ಸದ್ದು ಹೆಚ್ಚಿಸುತ್ತಾರೆಯೇ, ನಾಲ್ಕು ಜನ ಮಾತಾಡುವಾಗ ಸುಮ್ಮನಾಗುತ್ತಾರೆಯೇ ಗಮನಿಸಿ. ವೈದ್ಯರ ಬಳಿ ಹೋಗುವಾಗ ಅವರು ನುಂಗುವ ಎಲ್ಲಾ ಮಾತ್ರೆಗಳನ್ನು ಕಷಾಯ, ಪುಡಿ ಸಮೇತ ಒಂದು ಚೀಲದಲ್ಲಿ ಒಯ್ಯಿರಿ. ಮರೆವು ಯಾವಾಗ ಶುರುವಾಯಿತು, ಏನೇನಾಯಿತು ಎಂದು ದಿನಾಂಕ ಹಾಕಿ ನಾಲ್ಕೈದು ಸಾಲು ಬರೆದು ಇಟ್ಟುಕೊಳ್ಳಿ. ಅದನ್ನು ಅವರ ಮುಂದೆ ಓದಿ ಹೇಳದೆ, ಚೀಟಿಯನ್ನು ವೈದ್ಯರ ಕೈಗೆ ಕೊಡಿ.